ರಾತ್ರಿಯ ದರ: ಬ್ರಿಟನ್ನಿನ ಮನೆಗಳಲ್ಲಿ ಅಗ್ಗದ ವಿದ್ಯುತ್ತಿನ ಚರಿತ್ರೆ

ಬ್ರಿಟನ್ನಿನಲ್ಲಿ ಇಂದು ಎಲೆಕ್ಟ್ರಿಕ್ ಕಾರು ಕೊಳ್ಳುವ ಕುಟುಂಬವು ಕಾರಿನ ಬೆಲೆಯ ಜೊತೆಗೆ ಮನೆಯ ವಿದ್ಯುತ್ತನ್ನು ಯಾವ ದರಪಟ್ಟಿಯಡಿ ಪಡೆಯಬೇಕು ಎಂಬುದನ್ನೂ ಲೆಕ್ಕ ಹಾಕುತ್ತದೆ. ಅಲ್ಲಿ ವಿದ್ಯುತ್ ಮಾರುವ ಕಂಪನಿಗಳು ಹಲವು, ಒಂದೊಂದು ಕಂಪನಿಯ ದರಪಟ್ಟಿಗಳೂ ಹಲವು. ಒಂದು ಯೂನಿಟ್ಟು, ಅಂದರೆ ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದಾಗ ಬಳಸುವಷ್ಟು ವಿದ್ಯುತ್ತು, ಸಂಜೆ ಆರಕ್ಕೆ ಪೂರ್ಣ ಬೆಲೆಗೆ ಸಿಕ್ಕರೆ ನಡುರಾತ್ರಿ ಕಳೆದ ಮೇಲೆ ಅದರ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿಗೆ ಸಿಗುವುದುಂಟು. ಈ ಅಂತರವು ಹೊಸ ಬಗೆಯ ಕಾರಿಗೆ ಕೊಟ್ಟ ರಿಯಾಯಿತಿಯಂತೆ ಮೇಲುನೋಟಕ್ಕೆ ಕಾಣುತ್ತದೆಯಾದರೂ ಅದರ ಬೇರುಗಳು 1890ರ ದಶಕದಷ್ಟು ಹಳೆಯವು, ಮತ್ತು ಆ ಬೇರುಗಳನ್ನು ಹಿಡಿದು ನೋಡಿದರೆ ರಾತ್ರಿಯ ದರ ಯಾರಿಗೆ ಲಾಭ ತಂದಿತು, ಯಾರನ್ನು ಕಟ್ಟಿಹಾಕಿತು ಎಂಬುದೂ ಕಾಣುತ್ತದೆ.

ವಿದ್ಯುತ್ತು ಮೊದಲು ಮಾರಾಟಕ್ಕೆ ಬಂದದ್ದು ದೀಪಕ್ಕಾಗಿ. ದೀಪ ಬೇಕಾಗುವುದು ಸಂಜೆಯ ಕೆಲವೇ ಗಂಟೆ. ಆ ಗಂಟೆಗಳಲ್ಲಿ ಊರಿನ ದೀಪಗಳೆಲ್ಲ ಒಟ್ಟಿಗೆ ಉರಿಯುವುದರಿಂದ ಬಾಯ್ಲರು, ಉಗಿ ಯಂತ್ರ, ಜನರೇಟರು, ಬೀದಿಯಡಿಯ ತಂತಿ ಎಲ್ಲವನ್ನೂ ಆ ಗರಿಷ್ಠ ಬೇಡಿಕೆಗೆ ತಕ್ಕಂತೆ ಕಟ್ಟಬೇಕಾಗಿತ್ತು, ಮತ್ತು ಉಳಿದ ಹೊತ್ತೆಲ್ಲ ಆ ಬಂಡವಾಳ ಸುಮ್ಮನೆ ಕೂತಿರುತ್ತಿತ್ತು. ಮಾಡಿದ ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವ ದಾರಿ ಇರಲಿಲ್ಲವಾದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಮಾಡಿಟ್ಟು ಸಂಜೆಗೆ ಹಂಚುವುದೂ ಸಾಧ್ಯವಿರಲಿಲ್ಲ. ಸ್ಥಾವರವೊಂದು ತನ್ನ ಪೂರ್ಣ ಶಕ್ತಿಯಲ್ಲಿ ಸದಾ ಓಡಿದ್ದರೆ ಮಾಡಬಹುದಾಗಿದ್ದ ವಿದ್ಯುತ್ತಿನಲ್ಲಿ ನಿಜಕ್ಕೂ ಎಷ್ಟು ಪಾಲನ್ನು ಮಾಡಿತು ಎಂಬುದನ್ನು ಅಳೆಯುವ ‘ಲೋಡ್ ಫ್ಯಾಕ್ಟರ್’ ಎಂಬ ಪರಿಕಲ್ಪನೆಯನ್ನು 1891ರಲ್ಲಿ ಚಲಾವಣೆಗೆ ತಂದವರು ಆರ್. ಇ. ಬಿ. ಕ್ರಾಂಪ್ಟನ್. ಭಾರತದ ಮನೆಮನೆಯ ಫ್ಯಾನಿನ ಮೇಲೆ ಇಂದಿಗೂ ಕಾಣುವ ಹೆಸರು ಅವರದೇ. ಯೌವನದಲ್ಲಿ ಭಾರತದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ರಸ್ತೆಯ ಮೇಲೆ ಉಗಿ ಯಂತ್ರದಿಂದ ಬಂಡಿ ಎಳೆಸುವ ಪ್ರಯೋಗಗಳನ್ನು ಅವರು ನಡೆಸಿದ್ದರು.

ಈ ಸಮಸ್ಯೆಯನ್ನು ಬೆಲೆಯ ಭಾಷೆಗೆ ತಂದವರು ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಜಾನ್ ಹಾಪ್ಕಿನ್ಸನ್. 1892ರ ನವೆಂಬರಿನಲ್ಲಿ ಕಿರಿಯ ಎಂಜಿನಿಯರುಗಳ ಸಂಘವೊಂದರ ಅಧ್ಯಕ್ಷ ಭಾಷಣದಲ್ಲಿ ಅವರು, ವಿದ್ಯುತ್ತಿನ ವೆಚ್ಚ ಒಂದಲ್ಲ ಎರಡು ಎಂದು ವಾದಿಸಿದರು: ಗ್ರಾಹಕ ಯಾವ ಕ್ಷಣದಲ್ಲಿ ಸ್ವಿಚ್ ಒತ್ತಿದರೂ ವಿದ್ಯುತ್ ಕೊಡಲು ಸಿದ್ಧವಾಗಿರುವುದಕ್ಕೆ ತಗಲುವ ಸ್ಥಿರ ವೆಚ್ಚ ಒಂದು, ನಿಜಕ್ಕೂ ವಿದ್ಯುತ್ ಮಾಡಿದಾಗ ಸುಡುವ ಕಲ್ಲಿದ್ದಲಿನ ವೆಚ್ಚ ಇನ್ನೊಂದು. ವರ್ಷಕ್ಕೆ ಕೆಲವೇ ಮದುವೆಗಳಿಗಾಗಿ ಕಟ್ಟಿದ ಛತ್ರದ ಖರ್ಚನ್ನು ಊಟದ ಎಲೆಗಳ ಲೆಕ್ಕದಲ್ಲಿ ಮಾತ್ರ ವಸೂಲು ಮಾಡಲು ಹೊರಟರೆ ಹೇಗೆ ಲೆಕ್ಕ ತಪ್ಪುತ್ತದೆಯೋ, ಬರಿಯ ಯೂನಿಟ್ಟಿಗೆ ಇಷ್ಟು ಎಂದು ಬೆಲೆ ಕಟ್ಟಿದರೆ ವಿದ್ಯುತ್ ಕಂಪನಿಯ ಲೆಕ್ಕವೂ ಹಾಗೆಯೇ ತಪ್ಪುತ್ತದೆ. ಹಾಪ್ಕಿನ್ಸನ್ 1898ರಲ್ಲಿ ಆಲ್ಪ್ಸ್ ಪರ್ವತ ಏರುವಾಗ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಅಪಘಾತದಲ್ಲಿ ತೀರಿಕೊಂಡರು. ಅವರ ಎರಡು ಭಾಗದ ದರ ಮಾತ್ರ ಇಂದಿಗೂ ಕರ್ನಾಟಕದ ಪ್ರತಿ ಕರೆಂಟ್ ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಮತ್ತು ‘ಬಳಕೆ ಶುಲ್ಕ’ ಎಂಬ ಎರಡು ಸಾಲುಗಳಾಗಿ ಬದುಕಿದೆ.

ತತ್ತ್ವ ಸಿಕ್ಕರೂ ಅಳೆಯುವ ಉಪಕರಣ ಬೇಕಾಗಿತ್ತು. ಕಡಲ ತೀರದ ಬ್ರೈಟನ್ ನಗರದ ವಿದ್ಯುತ್ ಎಂಜಿನಿಯರ್ ಆರ್ಥರ್ ರೈಟ್ ರೂಪಿಸಿದ ಸೂಚಕದಲ್ಲಿ ವಿದ್ಯುತ್ ಹರಿಯುವ ತಂತಿಯ ಬಿಸಿಗೆ ಗಾಜಿನ ಕೊಳವೆಯೊಳಗಿನ ಗಾಳಿ ಹಿಗ್ಗಿ, ದ್ರವವನ್ನು ಪಕ್ಕದ ಅಳತೆಯ ಕೊಳವೆಗೆ ತುಳುಕಿಸುತ್ತಿತ್ತು. ತುಳುಕಿದ ದ್ರವ ತಾನಾಗಿ ಹಿಂದೆ ಬರುವಂತಿರಲಿಲ್ಲವಾದ್ದರಿಂದ ಆ ಮನೆ ಒಮ್ಮೆಗೆ ಎಳೆದ ಅತಿ ಹೆಚ್ಚಿನ ವಿದ್ಯುತ್ ಎಷ್ಟೆಂಬುದು ಅಲ್ಲಿ ಗುರುತಾಗಿ ನಿಲ್ಲುತ್ತಿತ್ತು. ಬಿಸಿಯೇರಲು ಸ್ವಲ್ಪ ಹೊತ್ತು ಹಿಡಿಯುತ್ತಿದ್ದುದರಿಂದ ಕ್ಷಣಿಕ ಏರಿಕೆಗೆ ಯಾರೂ ದಂಡ ತೆರಬೇಕಾಗಿರಲಿಲ್ಲ ಎಂಬುದು ಅದರ ಸೊಗಸು. ಬ್ರೈಟನ್ನಿಗೆ ಬಂದು ಇದನ್ನು ಕಂಡ ಷಿಕಾಗೋದ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ ಅದನ್ನು ಅಮೆರಿಕಕ್ಕೆ ಒಯ್ದ. ಆದರೆ ಈ ಸೂಚಕಕ್ಕೆ ಗಡಿಯಾರವಿರಲಿಲ್ಲ. ಎಷ್ಟು ಎಂಬುದನ್ನು ಅದು ಹೇಳುತ್ತಿತ್ತು, ಯಾವಾಗ ಎಂಬುದನ್ನು ಹೇಳುತ್ತಿರಲಿಲ್ಲ. ರಾತ್ರಿಯ ದರದ ಚರಿತ್ರೆಯೆಂದರೆ ಬಹುಮಟ್ಟಿಗೆ ಮೀಟರಿಗೆ ಗಡಿಯಾರ ಸೇರಿದ ಚರಿತ್ರೆಯೇ.

ಬಿಡುವಿನ ಹೊತ್ತಿನಲ್ಲಿ ವಿದ್ಯುತ್ ಕೊಳ್ಳುವ ಗ್ರಾಹಕರಿಗಾಗಿ ಕಂಪನಿಗಳು ಹುಡುಕುತ್ತಿದ್ದಾಗ ಮೊದಲು ಕಣ್ಣಿಗೆ ಬಿದ್ದವುಗಳಲ್ಲಿ ಎಲೆಕ್ಟ್ರಿಕ್ ಕಾರೂ ಒಂದು ಎಂಬುದನ್ನು ಇಂದು ಹೆಚ್ಚಿನವರು ಮರೆತಿದ್ದಾರೆ. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಮೋಟಾರು ವಾಹನಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬ್ಯಾಟರಿಯವು. ದಿನವಿಡೀ ಓಡಿ ರಾತ್ರಿ ಕೊಟ್ಟಿಗೆ ಸೇರುವ ಈ ಗಾಡಿಗಳು ಸ್ಥಾವರ ನಿದ್ದೆಮಾಡುವ ಹೊತ್ತಿನಲ್ಲೇ ವಿದ್ಯುತ್ ಕೇಳುತ್ತಿದ್ದುದರಿಂದ ವಿದ್ಯುತ್ ಕಂಪನಿಗಳೇ ಅವುಗಳ ಪ್ರಚಾರಕ್ಕೆ ಇಳಿದವು. 1910ರಲ್ಲಿ ಹುಟ್ಟಿದ ಅಮೆರಿಕದ ಎಲೆಕ್ಟ್ರಿಕ್ ವಾಹನ ಸಂಘದ ಹಿಂದೆಯೂ ಅವುಗಳ ಆಸಕ್ತಿಯೇ ಇತ್ತು. ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಫೋರ್ಡ್ ಓಡಿಸುತ್ತಿದ್ದುದು ಪೆಟ್ರೋಲ್ ಕಾರನ್ನಲ್ಲ, ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು. ಪೆಟ್ರೋಲ್ ಎಂಜಿನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವ ಕಷ್ಟವನ್ನು 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ವಿದ್ಯುತ್ ಸ್ಟಾರ್ಟರ್ ನೀಗಿಸಿದ ಮೇಲೆ, ಮತ್ತು ಫೋರ್ಡನ ಕಾರಿನ ಬೆಲೆ ಇಳಿಯುತ್ತ ಹೋದಂತೆ, ಆ ಮಾರುಕಟ್ಟೆ ಕರಗಿತು.

ಬ್ರಿಟನ್ನಿನಲ್ಲಿ ಪ್ರಶ್ನೆ ಮತ್ತೆ ತೀವ್ರವಾದದ್ದು ಎರಡನೆಯ ಮಹಾಯುದ್ಧದ ನಂತರ. 1947ರ ಕಡು ಚಳಿಗಾಲದಲ್ಲಿ ಕಲ್ಲಿದ್ದಲು ಸಾಲದೆ ಕಾರ್ಖಾನೆಗಳಿಗೂ ಮನೆಗಳಿಗೂ ವಿದ್ಯುತ್ ಕಡಿತವಾಯಿತು. ಮನೆಗಳಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಹೊತ್ತಿಸುತ್ತಿದ್ದ ಸಣ್ಣ ವಿದ್ಯುತ್ ಹೀಟರುಗಳೇ ಗರಿಷ್ಠ ಬೇಡಿಕೆಯನ್ನು ಏರಿಸುತ್ತಿದ್ದವು. ಮನೆಬಳಕೆಯ ಈ ಹೊರೆಯನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರು ಸರ್ ಆಂಡ್ರ್ಯೂ ಕ್ಲೋ; ಸ್ವಾತಂತ್ರ್ಯಪೂರ್ವದಲ್ಲಿ ಅಸ್ಸಾಮಿನ ಗವರ್ನರ್ ಆಗಿದ್ದ ಐ.ಸಿ.ಎಸ್. ಅಧಿಕಾರಿ. ಸಮಿತಿಯ ವರದಿಯ ಬೆನ್ನಿಗೆ 1948–49ರ ಚಳಿಗಾಲದಲ್ಲಿ ಯೂನಿಟ್ಟಿನ ಬೆಲೆ ಏರಿತು, ಬೇಸಿಗೆಯಲ್ಲಿ ಇಳಿಯಿತು. ಆ ಏರಿಕೆ ಚಳಿಗಾಲದ ಸಂಜೆ ಐದರ ಯೂನಿಟ್ಟಿಗೂ ನಡುರಾತ್ರಿಯ ಯೂನಿಟ್ಟಿಗೂ ಒಂದೇ ಆಗಿದ್ದುದರಿಂದ ಬಳಕೆಯನ್ನು ಗಂಟೆಯಿಂದ ಗಂಟೆಗೆ ಸರಿಸಲು ಯಾರಿಗೂ ಕಾರಣವಿರಲಿಲ್ಲ. ಜನರ ಅಸಮಾಧಾನ ಮಾತ್ರ ಉಳಿಯಿತು, ಮತ್ತು ಮರುವರ್ಷವೇ ಆ ಕ್ರಮವನ್ನು ಕೈಬಿಡಲಾಯಿತು. ಸದುದ್ದೇಶದ ದರವೂ ಅಳತೆಯ ಉಪಕರಣವನ್ನು ಮೀರಿ ಕೆಲಸ ಮಾಡಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಿಜವಾದ ತಿರುವು ತಂದದ್ದು ಸ್ಟೋರೇಜ್ ಹೀಟರ್. ಭಾರವಾದ ಇಟ್ಟಿಗೆಗಳ ನಡುವೆ ವಿದ್ಯುತ್ ತಂತಿ ಹಾಯಿಸಿ ರಾತ್ರಿಯಲ್ಲಿ ಆ ಇಟ್ಟಿಗೆಗಳನ್ನು ಕಾಯಿಸಿದರೆ, ಸುತ್ತಲಿನ ಹೊದಿಕೆಯ ಮೂಲಕ ಬಿಸಿ ಮೆಲ್ಲನೆ ಹೊರಬಂದು ಹಗಲಿನಲ್ಲಿ ಕೋಣೆಯನ್ನು ಬೆಚ್ಚಗಿಡುತ್ತದೆ. ವಿದ್ಯುತ್ತನ್ನು ಕೂಡಿಡಲಾಗದಿದ್ದರೂ ಅದರಿಂದ ಹುಟ್ಟಿದ ಬಿಸಿಯನ್ನು ಕೂಡಿಡಬಹುದು ಎಂಬ ಸರಳ ವಿಚಾರವಿದು. 1960ರ ದಶಕದಲ್ಲಿ ವಿದ್ಯುತ್ ಮಂಡಳಿಗಳು ಇದನ್ನು ಹುರುಪಿನಿಂದ ಮಾರಿದವು. ಮೊದಮೊದಲು ಈ ಹೀಟರುಗಳಿಗೆ ಮನೆಯಲ್ಲಿ ಪ್ರತ್ಯೇಕ ವಯರಿಂಗ್, ಪ್ರತ್ಯೇಕ ಮೀಟರು, ಮತ್ತು ನಿಗದಿತ ಗಂಟೆಗೆ ಸಂಪರ್ಕ ಕೊಟ್ಟು ಕಡಿಯುವ ಗಡಿಯಾರದ ಸ್ವಿಚ್ ಇರುತ್ತಿದ್ದವು. ಆ ದಶಕದ ಕೊನೆಯ ಹೊತ್ತಿಗೆ ಬಂದ ‘ವೈಟ್ ಮೀಟರ್’ ದರವು ರಾತ್ರಿಯ ಅಗ್ಗದ ಬೆಲೆಯನ್ನು ಇಡೀ ಮನೆಗೆ ವಿಸ್ತರಿಸಿತು. 1978ರಲ್ಲಿ ಜಾರಿಯಾದ ‘ಇಕಾನಮಿ ಸೆವೆನ್’, ಹೆಸರೇ ಹೇಳುವಂತೆ, ರಾತ್ರಿಯ ಏಳು ಗಂಟೆಗಳಿಗೆ ಕಡಿಮೆ ದರ, ಉಳಿದ ಹದಿನೇಳು ಗಂಟೆಗಳಿಗೆ ಸಾಮಾನ್ಯಕ್ಕಿಂತ ಹೆಚ್ಚಿನ ದರ ವಿಧಿಸಿತು. ಕಲ್ಲಿದ್ದಲಿನ ದೊಡ್ಡ ಸ್ಥಾವರಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಮತ್ತೆ ಹೊತ್ತಿಸುವುದು ದುಬಾರಿ, ಪರಮಾಣು ಸ್ಥಾವರಗಳನ್ನು ಹಾಗೆ ಏರಿಸಿ ಇಳಿಸುವುದು ಇನ್ನೂ ಕಷ್ಟ; ರಾತ್ರಿಯ ವಿದ್ಯುತ್ತಿಗೆ ಗ್ರಾಹಕರನ್ನು ಹುಟ್ಟಿಸುವುದು ಅವುಗಳಿಗೆ ಬೇಕೇ ಇತ್ತು.

ಈ ದರದ ಗ್ರಾಹಕರಾದವರು ಯಾರು ಎಂಬುದನ್ನು ಇಲ್ಲಿ ನಿಂತು ನೋಡಬೇಕು. ಉತ್ತರ ಸಮುದ್ರದ ನೈಸರ್ಗಿಕ ಅನಿಲ 1960ರ ದಶಕದ ಕೊನೆಯಿಂದ ಮನೆಗಳಿಗೆ ಹರಿಯತೊಡಗಿದ ಮೇಲೆ ಅನಿಲದ ಪೈಪ್ ಇದ್ದವರಿಗೆ ಮನೆ ಬೆಚ್ಚಗಿಡುವುದು ಸುಲಭವೂ ಅಗ್ಗವೂ ಆಯಿತು. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ ಹೊಚ್ಚಹೊಸ ಬಹುಮಹಡಿ ವಸತಿ ಕಟ್ಟಡದಲ್ಲಿ ಅನಿಲ ಸ್ಫೋಟವಾಗಿ ಒಂದು ಮೂಲೆಯೇ ಮೇಲಿನಿಂದ ಕೆಳಗಿನವರೆಗೆ ಕುಸಿದು ನಾಲ್ವರು ಸತ್ತರು. ಆ ಬಳಿಕ ಅಂಥದೇ ಕಾಂಕ್ರೀಟ್ ಹಲಗೆಗಳಿಂದ ಜೋಡಿಸಿದ ಅನೇಕ ಕಟ್ಟಡಗಳಿಂದ ಅನಿಲವನ್ನು ತೆಗೆದುಹಾಕಲಾಯಿತು. ಹೀಗೆ ನಗರಸಭೆಗಳ ಬಾಡಿಗೆ ಮನೆಗಳಲ್ಲಿದ್ದವರು, ಅನಿಲದ ಪೈಪ್ ತಲುಪದ ಹಳ್ಳಿಗಳವರು, ಸ್ಕಾಟ್ಲೆಂಡಿನ ಎತ್ತರದ ನಾಡಿನವರು ರಾತ್ರಿಯ ದರವನ್ನು ಆರಿಸಿಕೊಂಡದ್ದಕ್ಕಿಂತ ಅದರೊಳಗೆ ಸೇರಿಸಲ್ಪಟ್ಟದ್ದೇ ಹೆಚ್ಚು. ಅವರ ಇಟ್ಟಿಗೆಗಳು ನಸುಕಿನಲ್ಲಿ ಎಲ್ಲಕ್ಕಿಂತ ಬಿಸಿಯಾಗಿದ್ದು, ಮಕ್ಕಳು ಶಾಲೆಯಿಂದ, ದುಡಿಯುವವರು ಕೆಲಸದಿಂದ ಮರಳುವ ಸಂಜೆಯ ಹೊತ್ತಿಗೆ ತಣ್ಣಗಾಗಿರುತ್ತಿದ್ದವು. ಆಗ ಹಚ್ಚುವ ಇನ್ನೊಂದು ಹೀಟರಿಗೆ ಹಗಲಿನ ಏರಿಸಿದ ದರವನ್ನೇ ತೆರಬೇಕಾಗಿತ್ತು. ಎರಡು ದರದ ಪಟ್ಟಿಯಿಂದ ಲಾಭವಾಗಬೇಕಾದರೆ ಒಟ್ಟು ಬಳಕೆಯ ಸುಮಾರು ಶೇ. 40ರಷ್ಟಾದರೂ ರಾತ್ರಿಯಲ್ಲಿ ಆಗಬೇಕು ಎಂಬುದು ಇಕಾನಮಿ ಸೆವೆನ್ ಗ್ರಾಹಕರಿಗೆ ಸಾಮಾನ್ಯವಾಗಿ ಹೇಳುತ್ತಿದ್ದ ಲೆಕ್ಕ. ಹೀಟರು ಕೆಟ್ಟು ಮೂಲೆ ಸೇರಿದರೂ ಹಳೆಯ ದರಪಟ್ಟಿ ಮುಂದುವರಿದ ಮನೆಗಳು ರಾತ್ರಿಯ ಅಗ್ಗವನ್ನು ಬಳಸದೆ ಹಗಲಿನ ದುಬಾರಿಯನ್ನು ಮಾತ್ರ ಹೊತ್ತವು, ಮತ್ತು ಅಂಥವು ಕಡಿಮೆ ಆದಾಯದ ಮನೆಗಳೇ ಆಗಿರುತ್ತಿದ್ದುದು ಈ ವ್ಯವಸ್ಥೆಯ ಅತ್ಯಂತ ನೋವಿನ ಭಾಗ.

ತಂತ್ರದ ದೃಷ್ಟಿಯಿಂದ ನೋಡಿದರೆ ಏರ್ಪಾಡು ಜಾಣತನದ್ದು. ಆದರೆ ಯಾಂತ್ರಿಕ ಗಡಿಯಾರಗಳನ್ನು ಗ್ರೀನಿಚ್ ವೇಳೆಗೆ ಹೊಂದಿಸಿ ಹಾಗೆಯೇ ಬಿಡುತ್ತಿದ್ದುದರಿಂದ, ಬೇಸಿಗೆಯಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಾಗ ಅಗ್ಗದ ಅವಧಿಯೂ ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ ತಡವಾಗಿ ಆರಂಭವಾಗುತ್ತಿತ್ತು. ಇದು ಗೊತ್ತಿಲ್ಲದೆ ಬಟ್ಟೆ ಒಗೆಯುವ ಯಂತ್ರ ಹಾಕಿದವರು ದುಬಾರಿ ದರ ತೆತ್ತರು. 1980ರ ದಶಕದಲ್ಲಿ ಬಂದ ರೇಡಿಯೋ ಟೆಲಿಸ್ವಿಚ್ ವ್ಯವಸ್ಥೆಯಲ್ಲಿ ಬಿ.ಬಿ.ಸಿ. ರೇಡಿಯೋ 4ರ ದೀರ್ಘತರಂಗ ಪ್ರಸಾರದೊಳಗೆ ಕಿವಿಗೆ ಕೇಳದ ಸಂಕೇತಗಳನ್ನು ಅಡಗಿಸಿ ಕಳಿಸಲಾಗುತ್ತಿತ್ತು. ಡ್ರಾಯ್ಟ್‌ವಿಚ್ ಮೊದಲಾದ ಕಡೆಗಳ ಪ್ರಸಾರ ಕಂಬಗಳಿಂದ ಹೊರಟ ಸುದ್ದಿ, ನಾಟಕ, ಹವಾಮಾನ ವಾರ್ತೆಯ ಜೊತೆಗೇ ಆ ಸಂಕೇತಗಳು ಮನೆಮನೆಯ ಮೀಟರು ಪೆಟ್ಟಿಗೆಯನ್ನು ತಲುಪಿ, ಯಾವ ಗುಂಪಿನ ಹೀಟರುಗಳು ಯಾವಾಗ ಹೊತ್ತಬೇಕು ಎಂದು ಹೇಳುತ್ತಿದ್ದವು.

ಇದೇ ದಶಕಗಳಲ್ಲಿ ಬ್ರಿಟನ್ನಿನ ಬೀದಿಗಳಲ್ಲಿ ಬ್ಯಾಟರಿ ವಾಹನಗಳು ಇರಲೇ ಇಲ್ಲವೆಂದಲ್ಲ. ನಸುಕಿನಲ್ಲಿ ಸದ್ದಿಲ್ಲದೆ ಮನೆಬಾಗಿಲಿಗೆ ಹಾಲಿನ ಸೀಸೆ ತಲುಪಿಸುತ್ತಿದ್ದ ಬ್ಯಾಟರಿ ಗಾಡಿಗಳು ಸಾವಿರಾರು ಇದ್ದವು. ಆದರೆ ಅವು ಡೇರಿಯ ಡಿಪೊಗಳಲ್ಲಿ ಚಾರ್ಜ್ ಆಗುತ್ತಿದ್ದುದರಿಂದ ಮನೆಯ ದರಪಟ್ಟಿಗೂ ಅವಕ್ಕೂ ಸಂಬಂಧವಿರಲಿಲ್ಲ. ಮನೆಯ ಮೀಟರಿಗೆ ಆ ಸಂಬಂಧ ತಂದ ಮೊದಲ ಕಾರುಗಳಲ್ಲಿ ಒಂದು ಬೆಂಗಳೂರಿನದು. ಚೇತನ್ ಮೈನಿಯವರ ರೇವಾ ಕಂಪನಿ 2001ರಲ್ಲಿ ಮಾರುಕಟ್ಟೆಗೆ ತಂದ ಪುಟ್ಟ ಕಾರು 2004ರಿಂದ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರದ ಮಧ್ಯಭಾಗಕ್ಕೆ ಬರುವ ವಾಹನಗಳ ಮೇಲೆ 2003ರಲ್ಲಿ ಹೇರಿದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ಇತ್ತು. ಅದರ ಸೀಸ-ಆಮ್ಲ ಬ್ಯಾಟರಿಗಳು ಪೂರ್ತಿ ತುಂಬಲು ಸುಮಾರು ಎಂಟು ಗಂಟೆ ಬೇಕಾಗಿತ್ತು, ಸಾಮಾನ್ಯ ಪ್ಲಗ್ ಸಾಕಾಗಿತ್ತು. ಇಟ್ಟಿಗೆ ಕಾಯಿಸಲೆಂದು ರೂಪಿಸಿದ ಏಳು ಗಂಟೆಯ ದರ ಈ ಕಾರಿಗೆ ಹೆಚ್ಚುಕಡಿಮೆ ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪುತ್ತಿತ್ತು.

ದೊಡ್ಡ ಬ್ಯಾಟರಿಯ ಕಾರುಗಳು ಬಂದ ಮೇಲೆ ಲೆಕ್ಕ ಬದಲಾಯಿತು. ಸಾಮಾನ್ಯ ಪ್ಲಗ್ಗಿನಿಂದ ಏಳು ಗಂಟೆಯಲ್ಲಿ ಸುಮಾರು 16 ಯೂನಿಟ್ ತುಂಬಿದರೆ, ಮನೆಯ ಗೋಡೆಗೆ ಕೂರಿಸುವ 7 ಕಿಲೋವಾಟ್ ಚಾರ್ಜರಿನಿಂದ ಅಷ್ಟೇ ಹೊತ್ತಿನಲ್ಲಿ 49 ಯೂನಿಟ್ ತುಂಬುತ್ತದೆ. ಅರ್ಧ ಗಂಟೆಗೊಮ್ಮೆ ಬಳಕೆಯನ್ನು ದಾಖಲಿಸಿ ತಾನೇ ಕಂಪನಿಗೆ ತಿಳಿಸುವ ಸ್ಮಾರ್ಟ್ ಮೀಟರು ಹರಡಿದಂತೆ ರಾತ್ರಿಯ ಗಡಿಯನ್ನು ಎಲ್ಲಿ ಬೇಕಾದರೂ ಎಳೆಯಬಹುದಾಯಿತು. 2018ರಲ್ಲಿ ಆಕ್ಟೋಪಸ್ ಎನರ್ಜಿ ಎಂಬ ಕಂಪನಿ ನಡುರಾತ್ರಿ 12.30ರಿಂದ ನಸುಕಿನ 4.30ರವರೆಗೆ ಯೂನಿಟ್ಟಿಗೆ 5 ಪೆನ್ಸ್ ದರದಲ್ಲಿ ಎಲೆಕ್ಟ್ರಿಕ್ ಕಾರಿನ ಮನೆಗಳಿಗಾಗಿಯೇ ಒಂದು ದರಪಟ್ಟಿ ಹೊರಡಿಸಿತು. ಅದರ ಹಿಂದೆಯೇ ಬೇರೆ ಕಂಪನಿಗಳೂ ಬಂದವು. ಮುಂದೆ ಬಂದ ಕೆಲವು ದರಪಟ್ಟಿಗಳಲ್ಲಿ ಕಾರನ್ನು ಯಾವ ಹೊತ್ತಿನಲ್ಲಿ ಚಾರ್ಜ್ ಮಾಡಬೇಕು ಎಂಬುದನ್ನು ಕಂಪನಿಯೇ ನಿರ್ಧರಿಸಿ ಕಾರಿಗೆ ಹೋದ ಯೂನಿಟ್ಟಿಗೆ ಮಾತ್ರ ಕಡಿಮೆ ಬೆಲೆ ಹಾಕುತ್ತದೆ, ಮನೆಯ ಉಳಿದ ಬಳಕೆ ಮಾಮೂಲಿ ದರದಲ್ಲೇ ಉಳಿಯುತ್ತದೆ. 1960ರ ದಶಕದ ಪ್ರತ್ಯೇಕ ವಯರಿಂಗ್ ಮತ್ತು ಪ್ರತ್ಯೇಕ ಮೀಟರಿನ ಏರ್ಪಾಡು ಹೀಗೆ ತಂತಿಯಿಲ್ಲದೆ ಮರಳಿದೆ.

ಎರಡು ದರದ ಪಟ್ಟಿಯನ್ನು ಒಪ್ಪುವ ಮುನ್ನ ಮಾಡಬೇಕಾದ ಲೆಕ್ಕ ಹಳೆಯದೇ. ಉದಾಹರಣೆಗಾಗಿ ಒಂದೇ ದರದ ಪಟ್ಟಿಯಲ್ಲಿ ಯೂನಿಟ್ಟಿಗೆ 25 ಪೆನ್ಸ್, ಎರಡು ದರದ ಪಟ್ಟಿಯಲ್ಲಿ ಹಗಲಿಗೆ 30, ರಾತ್ರಿಗೆ 8 ಪೆನ್ಸ್ ಎಂದು ಇಟ್ಟುಕೊಂಡರೆ, ಹಗಲಿನ ಪ್ರತಿ ಯೂನಿಟ್ಟಿನಲ್ಲಿ 5 ಪೆನ್ಸ್ ನಷ್ಟ, ರಾತ್ರಿಯ ಪ್ರತಿ ಯೂನಿಟ್ಟಿನಲ್ಲಿ 17 ಪೆನ್ಸ್ ಲಾಭ; ಆದ್ದರಿಂದ ಒಟ್ಟು ಬಳಕೆಯಲ್ಲಿ ಸುಮಾರು ಶೇ. 23 ರಾತ್ರಿಗೆ ಸರಿದಾಗ ಎರಡೂ ಸಮವಾಗುತ್ತವೆ. ಮನೆಗೆ ವರ್ಷಕ್ಕೆ 3,000 ಯೂನಿಟ್, ಅದರಲ್ಲಿ 300 ರಾತ್ರಿಯದು, ಕಾರಿಗೆ ರಾತ್ರಿಯಲ್ಲೇ 2,000 ಯೂನಿಟ್ ಬೇಕಾಗುವ ಕುಟುಂಬಕ್ಕೆ ಒಂದೇ ದರದಲ್ಲಿ 1,250 ಪೌಂಡ್, ಎರಡು ದರದಲ್ಲಿ 994 ಪೌಂಡ್ ತಗಲುತ್ತದೆ. ಅದೇ ಕುಟುಂಬದ ಕಾರು ವರ್ಷಕ್ಕೆ 500 ಯೂನಿಟ್ಟಿನಷ್ಟು, ಅಂದರೆ ಮೂರು ಸಾವಿರ ಕಿಲೋಮೀಟರಿಗಿಂತ ಕಡಿಮೆ ಓಡಿದರೆ 875 ಪೌಂಡಿಗೆ ಎದುರಾಗಿ 874; ನಿಗದಿತ ಶುಲ್ಕದಲ್ಲಿ ಚೂರು ಹೆಚ್ಚಿದ್ದರೂ ಲಾಭ ಅಳಿಸಿಹೋಗುತ್ತದೆ. ರಾತ್ರಿಯ ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸುವ ಜಾಹೀರಾತಿನಲ್ಲಿ ಮೊದಲು ಹುಡುಕಬೇಕಾದ ಅಂಕಿ ಹಗಲಿನದು.

ಅಗ್ಗದ ಗಂಟೆ ಎಲ್ಲರಿಗೂ ಒಂದೇ ಆದಾಗ ಹೊಸ ತೊಡಕೂ ಹುಟ್ಟಿತು: 12.30 ಬಾರಿಸಿದ ಕ್ಷಣದಲ್ಲಿ ಸಾವಿರಾರು ಕಾರುಗಳು ಒಟ್ಟಿಗೆ ವಿದ್ಯುತ್ ಎಳೆಯತೊಡಗಿದರೆ ಜಾಲಕ್ಕೆ ಆಘಾತ ತಪ್ಪದು. 2022ರ ಜೂನ್ 30ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಬ್ರಿಟನ್ನಿನಲ್ಲಿ ಮಾರುವ ಮನೆ ಚಾರ್ಜರುಗಳು ವಾರದ ದಿನಗಳ ಬೆಳಗಿನ 8ರಿಂದ 11 ಮತ್ತು ಸಂಜೆ 4ರಿಂದ ರಾತ್ರಿ 10ರ ಗರಿಷ್ಠ ಬೇಡಿಕೆಯ ಅವಧಿಯನ್ನು ಬಿಟ್ಟು ಚಾರ್ಜ್ ಮಾಡುವಂತೆ ಮೊದಲೇ ಹೊಂದಿಸಿರಬೇಕು, ಮತ್ತು ಪ್ರತಿ ಚಾರ್ಜರು ತನ್ನ ಆರಂಭವನ್ನು ಹತ್ತು ನಿಮಿಷದವರೆಗೆ ಮನಬಂದಷ್ಟು ತಡಮಾಡಬೇಕು. ಮಾಲೀಕರು ಬೇಕೆಂದರೆ ಇದನ್ನು ಬದಲಿಸಿಕೊಳ್ಳಬಹುದು.

ಭಾರತದಲ್ಲಿ ಇದೇ ತರ್ಕ ಹಗಲಿನ ಕಡೆಗೆ ತಿರುಗಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಸೌರ ಅವಧಿಯ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆಯಿರಬೇಕು, ಗರಿಷ್ಠ ಬೇಡಿಕೆಯ ಅವಧಿಯಲ್ಲಿ ಮನೆಗಳಿಗೂ ಕನಿಷ್ಠ ಶೇ. 10 ಹೆಚ್ಚಿರಬೇಕು ಎಂದು ಹೇಳುತ್ತವೆ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂಥವು ಮಧ್ಯಾಹ್ನದಲ್ಲಿ ವಿದ್ಯುತ್ತನ್ನು ಸುರಿಯುವ ನಾಡಿನಲ್ಲಿ ಬಿಡುವಿನ ಹೊತ್ತು ನಡುರಾತ್ರಿಯಾಗಿ ಉಳಿಯಬೇಕಾಗಿಲ್ಲ. ಆದರೆ ಮಧ್ಯಾಹ್ನ ಕಾರು ಇರುವುದು ಕಚೇರಿಯ ಬಳಿ, ಮನೆಯ ಮೀಟರಿನ ಬಳಿಯಲ್ಲ. ದರವನ್ನು ಹೊಂದಿಸುವವರು ಇದನ್ನು ಮರೆಯುವಂತಿಲ್ಲ.

ಬ್ರಿಟನ್ನಿನಲ್ಲಿ ಇಂದು ರಾತ್ರಿಯ ದರದ ಪೂರ್ಣ ಲಾಭ ಸಿಗುವುದು ಸ್ವಂತ ಅಂಗಳದಲ್ಲಿ ಕಾರು ನಿಲ್ಲಿಸಿ ಗೋಡೆಗೆ ಚಾರ್ಜರ್ ಕೂರಿಸಬಲ್ಲವರಿಗೆ. ಸಾಲುಮನೆಗಳ ಎದುರಿನ ಬೀದಿಯಲ್ಲಿ ಅಥವಾ ಬಹುಮಹಡಿ ಕಟ್ಟಡದ ಬುಡದಲ್ಲಿ ಕಾರು ನಿಲ್ಲಿಸುವವರು ಸಾರ್ವಜನಿಕ ಚಾರ್ಜರುಗಳಿಗೆ ಹೋಗಬೇಕು. ಅಲ್ಲಿ ಯೂನಿಟ್ಟಿನ ಬೆಲೆ ಹಲವು ಪಟ್ಟು ಹೆಚ್ಚು, ಮನೆಯ ವಿದ್ಯುತ್ತಿಗೆ ಶೇ. 5 ಇರುವ ಮೌಲ್ಯವರ್ಧಿತ ತೆರಿಗೆ ಅಲ್ಲಿ ಶೇ. 20. ಇಟ್ಟಿಗೆಯ ಹೀಟರನ್ನು ನೆಚ್ಚಿದ ಹಳೆಯ ಗ್ರಾಹಕರ ಪಾಡೂ ಇದೇ ವರ್ಷಗಳಲ್ಲಿ ಮತ್ತೆ ಮುನ್ನೆಲೆಗೆ ಬಂತು. ರೇಡಿಯೋ ಟೆಲಿಸ್ವಿಚ್ಚಿನ ಉಪಕರಣಗಳು ಸವೆದು, ಅವುಗಳನ್ನು ದುರಸ್ತಿ ಮಾಡುವ ದಾರಿ ಮುಚ್ಚುತ್ತ ಬಂದಾಗ, ಆ ಸೇವೆಯನ್ನು 2025ರ ಜೂನ್ 30ಕ್ಕೆ ನಿಲ್ಲಿಸುವುದೆಂದು ಗೊತ್ತುಮಾಡಲಾಯಿತು. ಗಡುವು ಹತ್ತಿರವಾದಾಗಲೂ ಲಕ್ಷಗಟ್ಟಲೆ ಮನೆಗಳಲ್ಲಿ, ಅವುಗಳಲ್ಲಿ ದೊಡ್ಡ ಪಾಲು ಸ್ಕಾಟ್ಲೆಂಡಿನಲ್ಲಿ, ಹಳೆಯ ಮೀಟರುಗಳೇ ಉಳಿದಿದ್ದವು. ಸಂಕೇತ ನಿಂತರೆ ಹೀಟರು ಹೊತ್ತದೇ ಉಳಿಯಬಹುದು, ಇಲ್ಲವೇ ದುಬಾರಿ ಹೊತ್ತಿನಲ್ಲೂ ಉರಿಯುತ್ತಲೇ ಇರಬಹುದು ಎಂಬ ಭಯದಿಂದ ಒಮ್ಮೆಗೇ ನಿಲ್ಲಿಸುವ ಬದಲು ಪ್ರದೇಶವಾರು ಹಂತಹಂತವಾಗಿ ನಿಲ್ಲಿಸಲು ತೀರ್ಮಾನವಾಯಿತು, ಮತ್ತು ಆ ಮನೆಗಳಿಗೆ ಸ್ಮಾರ್ಟ್ ಮೀಟರ್ ಕೂರಿಸುವ ಕೆಲಸ ಗಡುವಿನ ಆಚೆಗೂ ಮುಂದುವರಿಯಿತು.